ರಥಬೀದಿ ಹತ್ತಿರದ ಗೂಡುದೀಪ ಸಾಮಾನಿನ ಅಂಗಡಿ: ನನ್ನ ಅನುಭವ

ಮನೆಯಲ್ಲೇ ಗೂಡುದೀಪ (ದೀಪಾವಳಿಗೆ ತೂಗುಹಾಕುವ ಕಾಗದದ ಆಕಾಶಬುಟ್ಟಿ) ಕಟ್ಟಬೇಕು ಅಂತ ಆಸೆ ಇರುವವರು ಮೊದಲು ಈ ಅಂಗಡಿಗೆ ಹೋಗಿ. ಮಂಗಳೂರಿನ ರಥಬೀದಿಯಿಂದ ಮಾರ್ಕೆಟ್ ಕಡೆಗೆ ಹೋಗುವ ಒಂದು ಗಲ್ಲಿಯಲ್ಲಿ ಉಂಟು. ಬೋರ್ಡು ಮಾಸಿ ಹೋಗಿ ಹೆಸರು ಓದಲಿಕ್ಕೆ ಆಗುವುದಿಲ್ಲ. ಆದರೆ ಬಾಗಿಲಲ್ಲಿ ವರ್ಷಪೂರ್ತಿ ಒಂದು ಕೆಂಪು-ಹಳದಿ ಗೂಡುದೀಪ ತೂಗುತ್ತಿರುತ್ತದೆ, ಅದೇ ಗುರುತು. ಹೂವಿನವರ ಹತ್ತಿರ ಕೇಳಿದರೂ ತೋರಿಸುತ್ತಾರೆ.

ಎರಡು ವರ್ಷದ ಹಿಂದೆ ನಾನು ಆನ್‌ಲೈನಲ್ಲಿ ಒಂದು ಕಿಟ್ ತರಿಸಿದ್ದೆ. 450 ರೂಪಾಯಿ. ರಟ್ಟಿನ ತುಂಡುಗಳು, ಎರಡೂ ಬದಿ ಅಂಟುವ ಟೇಪು, ಅಷ್ಟೇ. ನೋಡಲಿಕ್ಕೆ ಚಂದ ಇತ್ತು. ಆದರೆ ನಮ್ಮಲ್ಲಿ ದೀಪಾವಳಿ ಹೊತ್ತಿಗೂ ಸಂಜೆ ಗುಡುಗು ಮಳೆ ಬರುತ್ತದೆ ಅಲ್ವಾ, ಜಗಲಿಯ ಒಳಗೇ ಕಟ್ಟಿದ್ದರೂ ಒಂದೇ ಮಳೆಗೆ ಥಂಡಿ ಹಿಡಿದು ರಟ್ಟು ಬಗ್ಗಿತು, ಟೇಪು ಬಿಟ್ಟಿತು, ಬೆಳಿಗ್ಗೆ ನೋಡಿದರೆ ಅರ್ಧ ದೀಪ ನೆಲದಲ್ಲಿ. ಬಲಿಪಾಡ್ಯಮಿಗೆ ನಮ್ಮ ಮನೆ ಎದುರು ಗೂಡುದೀಪವೇ ಇರಲಿಲ್ಲ. ಮಗಳು ತುಂಬಾ ಬೇಜಾರು ಮಾಡಿಕೊಂಡಳು. ನನಗೂ ಬೇಜಾರೇ.

ಹೋದ ವರ್ಷ ನವರಾತ್ರಿ ಮುಗಿದ ಮೇಲೆ ಇಲ್ಲಿಗೆ ಹೋದೆ. ಸುಮ್ನೆ ನಾಲ್ಕು ಕಾಗದ ತಂದುಬಿಡುವ ಅಂತ ಹೋದದ್ದು. ಅಂಗಡಿಯ ಯಜಮಾನರು ಕಾಗದ ತೆಗೆಯುವ ಮೊದಲೇ ಮೂರು ಪ್ರಶ್ನೆ ಕೇಳಿದರು. ಎಲ್ಲಿ ಕಟ್ಟುತ್ತೀರಿ? ಮಳೆ ಹನಿ ಹಾರುತ್ತದಾ? ಬಲ್ಬ್ ಯಾವುದು ಹಾಕುತ್ತೀರಿ? ಆಮೇಲೆ ಎರಡು ಕೆಂಪು ಕಾಗದ ಪಕ್ಕ ಪಕ್ಕ ಇಟ್ಟರು. ಒಂದು ಗಾಳಿಪಟದ ತೆಳು ಕಾಗದ, ಇನ್ನೊಂದು ಹೊಳೆಯುವ, ಬೆಳಕು ಹಾಯುವ ಗ್ಲಾಸ್ ಪೇಪರ್. ಹೆಬ್ಬೆರಳು ನೀರಿಗೆ ಅದ್ದಿ ಎರಡರ ಮೇಲೂ ಒತ್ತಿದರು. ಗಾಳಿಪಟದ ಕಾಗದ ಅಲ್ಲೇ ಕರಗಿದ ಹಾಗಾಗಿ ಅವರ ಬೆರಳೆಲ್ಲ ಕುಂಕುಮ ಮೆತ್ತಿದ ಹಾಗೆ ಆಯಿತು. ಗ್ಲಾಸ್ ಪೇಪರಿನ ಮೇಲೆ ನೀರು ಹನಿಯಾಗಿ ನಿಂತಿತು. 'ಮೈಗೆ ಇದು, ಬಾಲಕ್ಕೆ ಅದು' ಅಂದರು. ದೀಪದ ಕೆಳಗೆ ಇಳಿಬಿಡುವ ಬಾಲ ಗಾಳಿಗೆ ಆಡಬೇಕು, ಅದಕ್ಕೆ ತೆಳು ಕಾಗದವೇ ಸರಿ, ಒದ್ದೆಯಾದರೆ ಬದಲಾಯಿಸಿದರೆ ಆಯಿತು. ಇಷ್ಟು ಸಣ್ಣ ವಿಷಯವನ್ನು ನನಗೆ ಯಾವ ವಿಡಿಯೋವೂ ಹೇಳಿರಲಿಲ್ಲ.

ಬಿದಿರಿನ ಕಡ್ಡಿಯನ್ನೂ ಹಾಗೇ ಆರಿಸಿ ಕೊಟ್ಟರು. ಒಂದೊಂದನ್ನೂ ಬಿಲ್ಲಿನ ಹಾಗೆ ಬಗ್ಗಿಸಿ ನೋಡುವುದು, ಚಿರ್ ಅಂತ ಸದ್ದು ಬಂದರೆ ಬದಿಗೆ ಇಡುವುದು. ಅಳತೆ ಹೇಳಿದರೆ ಅಲ್ಲೇ ಕತ್ತರಿಸಿಯೂ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ. ನಾನು 8 ಇಂಚಿನ 24 ಕಡ್ಡಿ ತೆಗೆದುಕೊಂಡೆ, ಮುರಿದರೆ ಇರಲಿ ಅಂತ ನಾಲ್ಕು ಜಾಸ್ತಿ.

24 ಯಾಕೆ ಅಂದರೆ, ಹಳೇ ಕ್ರಮದ ಗೂಡುದೀಪಕ್ಕೆ ಬೇಕಾದದ್ದು ಆರು ಚೌಕ. ಸುತ್ತ ನಾಲ್ಕು, ಮೇಲೊಂದು, ಕೆಳಗೊಂದು. ಬದಿಯ ಚೌಕಗಳನ್ನು ಮೂಲೆ ಮೇಲೆ ಕೆಳಗೆ ಬರುವ ಹಾಗೆ ಓರೆಯಾಗಿ ಹಿಡಿದು, ಮೂಲೆಗೆ ಮೂಲೆ ನೂಲಿನಲ್ಲಿ ಕಟ್ಟುತ್ತಾ ಹೋಗಬೇಕು. ಒಟ್ಟು 12 ಗಂಟು. ಕಟ್ಟಿ ಮುಗಿಯುವಾಗ ಚೌಕಗಳ ನಡುವೆ ಎಂಟು ತ್ರಿಕೋನ ತಾನಾಗಿಯೇ ಬಂದಿರುತ್ತದೆ, ಯಾರೂ ಮಾಡದೆ. ಮಗಳು ಅದನ್ನು ಕಂಡು ಎಣಿಸಿದ್ದೇ ಎಣಿಸಿದ್ದು. 8 ಇಂಚಿನ ಕಡ್ಡಿಗೆ ದೀಪ ಮೂಲೆಯಿಂದ ಎದುರು ಮೂಲೆಗೆ 16 ಇಂಚು ಆಗುತ್ತದೆ, ಫ್ಲ್ಯಾಟಿನ ಬಾಲ್ಕನಿಗೆ ಸರಿಯಾದ ಅಳತೆ. ಕಾಗದ ಇಲ್ಲದಾಗ ಗೂಡು ಸ್ವಲ್ಪ ಅಲ್ಲಾಡುತ್ತದೆ, ಹೆದರಬೇಡಿ. ಕಾಗದ ಅಂಟಿಸಿ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಮೇಲಿನ ಚೌಕ ತೆರೆದೇ ಇರಲಿ, ಬಲ್ಬ್ ಇಳಿಸಬೇಕಲ್ಲ.

ಅಂಟಿಗೆ ಮೈದಾವನ್ನೇ ನೀರಿನಲ್ಲಿ ಕುದಿಸಿಕೊಳ್ಳಿ ಅಂದರು. ತಣ್ಣಗಾದ ಮೇಲೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್). ಹಾಗೆ ಮಾಡಿದರೆ ಜಿರಳೆ, ಹುಳ ಕಾಗದ ತಿನ್ನುವುದಿಲ್ಲ. ಅಡಿಕೆ ತೋಟ ಇರುವ ಮನೆಯವರಿಗೆ ಇದು ಹೊಸತಲ್ಲ, ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಬೋರ್ಡೋ ದ್ರಾವಣ ಬಿಡುವುದು ಇದೇ ಮೈಲುತುತ್ತದಿಂದ. ಆದರೆ ಅದು ವಿಷ. ಬೇಡದ ಪ್ಲಾಸ್ಟಿಕ್ ಡಬ್ಬದಲ್ಲಿ ದೊಡ್ಡವರೇ ಕಲಸಿ, ಅಲ್ಯೂಮಿನಿಯಂ ಪಾತ್ರೆ ಬೇಡ, ತೂತಾಗುತ್ತದೆ. ಮಗಳಿಗೆ ನಾನು ಮೈಲುತುತ್ತ ಹಾಕದ ಅಂಟನ್ನು ಬೇರೆ ಕೊಟ್ಟಿದ್ದೆ, ಅವಳು ಬಾಲ ಮಾತ್ರ ಅಂಟಿಸಿದಳು.

ಲೆಕ್ಕ ಹೀಗೆ. ಕಡ್ಡಿಗೆ 40, ಐದು ಗ್ಲಾಸ್ ಪೇಪರಿಗೆ 50, ಬಾಲದ ಕಾಗದಕ್ಕೆ 20, ನೂಲು 10, ಮೈಲುತುತ್ತದ ಸಣ್ಣ ಪೊಟ್ಟಣ 10. ಒಟ್ಟು 130 ರೂಪಾಯಿ. ಎರಡು ಸಂಜೆಯ ಕೆಲಸ.

ಇಷ್ಟವಾಗದ್ದೂ ಉಂಟು. ಬಂಗಾರ ಬಣ್ಣದ ಅಂಚಿನ ಕಾಗದ ಚೆನ್ನಾಗಿಲ್ಲ, ಉಗುರು ತಾಗಿದರೆ ಬಣ್ಣ ಏಳುತ್ತದೆ. ಹೋಲ್ಡರ್, ವಯರ್ ಕೂಡ ಅಲ್ಲೇ ಸಿಗುತ್ತದೆ, ಆದರೆ ವಯರ್ ತುಂಬಾ ತೆಳು. ಅದನ್ನು ದಯವಿಟ್ಟು ಒಳ್ಳೆಯ ಎಲೆಕ್ಟ್ರಿಕಲ್ ಅಂಗಡಿಯಿಂದಲೇ ತನ್ನಿ, ಕಾಗದದ ಒಳಗೆ ಹೋಗುವ ವಸ್ತು ಅದು. ಬಲ್ಬ್ ಸಣ್ಣ ಎಲ್‌ಇಡಿ ಸಾಕು. ಬಿಸಿಯಾಗುವ ಹಳೇ ಬಲ್ಬ್ ಖಂಡಿತ ಬೇಡ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಕಾರು ನಿಲ್ಲಿಸಲು ಜಾಗ ಇಲ್ಲ, ಹಂಪನಕಟ್ಟೆಯಲ್ಲಿ ಬಸ್ಸಿಳಿದು ನಡೆದುಕೊಂಡು ಹೋಗುವುದೇ ಸುಖ.

ನಮ್ಮ ದೀಪ ತುಳಸಿ ಪೂಜೆ ತನಕ ಬಾಲ್ಕನಿಯಲ್ಲಿ ಇತ್ತು. ನಡುವೆ ಎರಡು ಮಳೆ ಬಂತು. ಬಾಲ ಒಮ್ಮೆ ಬದಲಾಯಿಸಿದೆವು, ಗೂಡಿಗೆ ಏನೂ ಆಗಲಿಲ್ಲ. ಆಮೇಲೆ ಬಿಚ್ಚಿಡಲು ಮನಸ್ಸು ಬರಲಿಲ್ಲ. ಈಗ ಅದು ಹಾಲ್‌ನ ಮೂಲೆಯಲ್ಲಿ, ಓದುವ ಕುರ್ಚಿಯ ಮೇಲೆ ತೂಗುತ್ತಿದೆ. ರಾತ್ರಿ ಟ್ಯೂಬ್‌ಲೈಟ್ ಆರಿಸಿ ಅದೊಂದನ್ನೇ ಹಾಕಿದರೆ ಗೋಡೆ ಮೇಲೆ ಕೆಂಪು, ಹಳದಿ ತ್ರಿಕೋನಗಳು ಬೀಳುತ್ತವೆ. ಮನೆಗೆ ಬಂದವರು ಎಲ್ಲಿಂದ ತಂದದ್ದು ಅಂತಲೇ ಕೇಳುತ್ತಾರೆ. ಉಳಿದ ಕಾಗದದ ಚೂರುಗಳನ್ನು ತೆಂಗಿನ ಗರಿಯ ಕಡ್ಡಿಗೆ ಅಂಟಿಸಿ ಅಡುಗೆಮನೆ ಕಿಟಕಿಗೆ ಒಂದು ಸಣ್ಣ ತೋರಣವೂ ಆಯಿತು.

ಕುದ್ರೋಳಿ ದೇವಸ್ಥಾನದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಕಟ್ಟುವವರೂ ಈ ಅಂಗಡಿಗೆ ಬರುತ್ತಾರಂತೆ. ಹಾಗಾಗಿ ಹಬ್ಬಕ್ಕೆ ವಾರ ಇರುವಾಗ ಹೋದರೆ ಒಳ್ಳೆಯ ಕಡ್ಡಿ ಖಾಲಿ, ಯಜಮಾನರಿಗೆ ಮಾತಾಡಲು ಪುರುಸೊತ್ತೂ ಇರುವುದಿಲ್ಲ. ಚೌತಿ ಕಳೆದ ಕೂಡಲೇ ಹೋಗಿ. ನನಗೆ ಈ ಸಲ ಹಸಿರು ಗ್ಲಾಸ್ ಪೇಪರ್ ಬೇಕು, ಹೋದ ವರ್ಷ ಸಿಕ್ಕಿರಲಿಲ್ಲ. ತೆಗೆದಿಡಿ ಅಂತ ಈಗಲೇ ಹೇಳಿ ಬಂದಿದ್ದೇನೆ.