ಧ್ಯಾನ್‌ಚಂದ್ ಮನೆಯೋ, ಪೇಸ್ ಮನೆಯೋ?

ತುಮಕೂರಿನ ಶಾಲೆಯ ಕ್ರೀಡಾದಿನಕ್ಕೆ ಯಾವ ಅಪ್ಪ-ಮಗನ ಕಥೆ ಹೇಳಲಿ ಅಂತ ಯೋಚಿಸುತ್ತಿದ್ದೀರಾ?

ಹಾಕಿ ಆಡುವ ಮಕ್ಕಳಿದ್ದರೆ ಧ್ಯಾನ್‌ಚಂದ್, ಅಶೋಕ್ ಕುಮಾರ್. ಅಪ್ಪನಿಗೆ 1928, 1932, 1936ರಲ್ಲಿ ಒಲಿಂಪಿಕ್ ಚಿನ್ನ. ಮಗನದು 1975ರ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ ಗೆಲುವಿನ ಗೋಲು. ಚೆಂಡು ಗೋಲ್‌ಪೋಸ್ಟ್‌ಗೆ ಬಡಿದು ಹೊರಗೆ ಚಿಮ್ಮಿತು. ಎದುರಾಳಿಗಳು ಗೋಲೇ ಅಲ್ಲ ಅಂತ ಹಟ ಹಿಡಿದರು, ಅಂಪೈರ್ ಅವರ ಮಾತು ಒಪ್ಪದೆ ಗೋಲು ಕೊಟ್ಟರು. ಈ ಕ್ಷಣವನ್ನು ನಿಧಾನವಾಗಿ ಹೇಳಿ, ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ!

ಪೇಸ್ ಮನೆಯಲ್ಲಿ ಇಬ್ಬರದೂ ಒಲಿಂಪಿಕ್ ಕಂಚು: ಅಪ್ಪ ವೇಸ್ 1972ರ ಮ್ಯೂನಿಕ್‌ನಲ್ಲಿ ಹಾಕಿಗೆ, ಮಗ ಲಿಯಾಂಡರ್ 1996ರ ಅಟ್ಲಾಂಟಾದಲ್ಲಿ ಟೆನಿಸ್‌ಗೆ. (ಮ್ಯೂನಿಕ್ ತಂಡದಲ್ಲಿ ಅಶೋಕ್ ಕೂಡ ಇದ್ದರು!) ಅಪ್ಪನ ಆಟ ಬಿಟ್ಟು ಬೇರೆ ಆಟ ಇಷ್ಟಪಡುವ ಮಕ್ಕಳು ಜಾಸ್ತಿ ಇದ್ದರೆ ಇದೇ ಸರಿ. ನನ್ನ ಆಯ್ಕೆಯೂ ಇದೇ.