ಕೊಡಗಿನವರೇ, ನೈಟ್ರೋ ಆರ್‌ಸಿ ಕಾರು ತಗೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಹೋದ ವರ್ಷ ಮಾರ್ಚ್ ಕೊನೆಯಲ್ಲಿ ಮೈಸೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ನೈಟ್ರೋ ಕಾರು ತಂದೆ. ನೈಟ್ರೋ ಅಂದರೆ ಬ್ಯಾಟರಿ ಬದಲು ಫ್ಯುಯಲ್ ಹಾಕಿ ಪುಟ್ಟ ಎಂಜಿನ್‌ನಿಂದ ಓಡಿಸುವ ರಿಮೋಟ್ ಕಾರು. 18,000 ರೂಪಾಯಿ. ಅಕ್ಕನ ಮಗನಿಗೆ ರಜೆ ಶುರುವಾಗಿತ್ತು, ಅವನಿಗೂ ನನಗೂ ರಿಮೋಟ್ ಕಾರಿನ ಹುಚ್ಚು ಒಂದೇ. ಎಲೆಕ್ಟ್ರಿಕ್ಕಾ, ನೈಟ್ರೋನಾ ಅಂತ ಎರಡು ತಿಂಗಳು ವಿಡಿಯೋ ನೋಡಿದ್ದೆವು. ಆ ಸದ್ದು, ಹಿಂದಿನಿಂದ ಬರುವ ಬಿಳಿ ಹೊಗೆ ನೋಡಿ ಮನಸ್ಸು ನೈಟ್ರೋ ಕಡೆಗೇ ಹೋಯಿತು. ನಮ್ಮ ಕಡೆಯ ಹವೆಗೆ, ಮಕ್ಕಳಿರುವ ಮನೆಗೆ, ಮೊದಲ ಕಾರಾಗಿ ಅದು ಬೇಡ. ಯಾಕೆ ಅಂತ ಹೇಳುತ್ತೇನೆ.

ಮೈಸೂರಿನಲ್ಲಿ ಮಾರಿದವರ ಅಂಗಳದಲ್ಲಿ ಎರಡನೇ ಸಲ ಹಗ್ಗ ಎಳೆದದ್ದಕ್ಕೇ ಸ್ಟಾರ್ಟ್ ಆಯಿತು. ಮಾರನೇ ದಿನ ಮಡಿಕೇರಿ ಹತ್ತಿರದ ನಮ್ಮ ಮನೆಯ ಕಣದಲ್ಲಿ ಇಟ್ಟೆವು. ಕಾಫಿ ಒಣಗಿಸಿ ಚೀಲ ತುಂಬಿಸಿ ಆಗಿತ್ತು, ಕಣ ಖಾಲಿ. ಗಾಡಿ ಬರೀ ಹೊಗೆ ಉಗುಳಿತು, ವೇಗ ಕೊಟ್ಟರೆ ಉಸಿರು ಕಟ್ಟಿದಂತೆ ಆಫ್ ಆಯಿತು. ಮೈಸೂರಿಗಿಂತ ಮಡಿಕೇರಿ ಹೆಚ್ಚುಕಡಿಮೆ 400 ಮೀಟರ್ ಎತ್ತರದಲ್ಲಿದೆ ಅಲ್ವಾ? ಇಲ್ಲಿ ಗಾಳಿ ತೆಳು. ಫ್ಯುಯಲ್‌ಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಅಲ್ಲಿಗೆ ಸರಿ ಮಾಡಿದ್ದು, ಇಲ್ಲಿ ಫ್ಯುಯಲ್ ಜಾಸ್ತಿ ಕೊಡುತ್ತದೆ. ಎತ್ತರ ಮಾತ್ರ ಅಲ್ಲ, ಚಳಿ, ಬಿಸಿಲು, ತೇವ ಯಾವುದು ಬದಲಾದರೂ ಫ್ಯುಯಲ್ ಎಷ್ಟು ಹೋಗಬೇಕು ಅಂತ ನಿರ್ಧರಿಸುವ ಅದರ ಪುಟ್ಟ ನೀಡಲ್ ಸ್ಕ್ರೂಗಳನ್ನು ಮತ್ತೆ ತಿರುಗಿಸಬೇಕು. ನಮ್ಮಲ್ಲಿ ಬೆಳಿಗ್ಗೆ ಮಂಜು, ಮಧ್ಯಾಹ್ನ ಬಿಸಿಲು, ಸಂಜೆ ಮಳೆ. ಒಂದೇ ದಿನದಲ್ಲಿ ಮೂರು ಹವೆ.

ಫ್ಯುಯಲ್ ಕಡಿಮೆಯಾಗುವ ಹಾಗೆ ತಿರುಗಿಸಿದೆವು. ಸ್ವಲ್ಪ ಜಾಸ್ತಿಯೇ ತಿರುಗಿಸಿದೆವು. ಗಾಡಿ ಬಾಣದ ಹಾಗೆ ಓಡಿತು, ಹುಡುಗ ಕುಣಿದಾಡಿದ. ಆದರೆ ಈ ಎಂಜಿನ್‌ಗೆ ಬೇಕಾದ ಆಯಿಲ್ ಫ್ಯುಯಲ್‌ನಲ್ಲೇ ಬೆರೆತಿರುತ್ತದೆ. ಫ್ಯುಯಲ್ ಕಡಿಮೆಯಾದರೆ ಆಯಿಲ್ ಕೂಡ ಕಡಿಮೆ. ಹೊಗೆ ನಿಂತು ಹೋಗಿದ್ದನ್ನು ನೋಡಿದಾಗಲೇ ನನಗೆ ಗೊತ್ತಾಗಬೇಕಿತ್ತು. ಎಂಜಿನ್ ತಲೆ ಮೇಲೆ ಒಂದು ಹನಿ ನೀರು ಬಿಟ್ಟೆ. ಚುರ್ ಅಂತು, ಕಣ್ಣು ಮಿಟುಕಿಸುವುದರೊಳಗೆ ಆರಿ ಹೋಯಿತು. ಎಂಜಿನ್ ಅಷ್ಟು ಕಾದಿತ್ತು. ಅಲ್ಲಿಂದ ಮುಂದೆ ಹಗ್ಗ ಎಳೆದರೆ ಮೊದಲಿನ ಬಿಗಿ ಸಿಗಲೇ ಇಲ್ಲ, ಎಂಜಿನ್ ಒಳಗೆ ಸವೆದಿತ್ತು.

ಇದೆಲ್ಲ ದುಡ್ಡಿನ ವಿಷಯ, ಹೋಗಲಿ ಅನ್ನಬಹುದು. ಮುಂದಿನದು ಹಾಗಲ್ಲ.

ಮಾರಿದವರು ಫ್ಯುಯಲ್ ಅನ್ನು ಕೂಲ್ ಡ್ರಿಂಕ್ ಬಾಟಲಿಗೆ ತುಂಬಿಸಿ ಕೊಟ್ಟಿದ್ದರು. ತಿಳಿ ಗುಲಾಬಿ ಬಣ್ಣ. ನಾನೂ ಯೋಚನೆ ಮಾಡದೆ ಅದನ್ನು ಹಿಂದಿನ ಜಗಲಿಯ ಕಟ್ಟೆ ಮೇಲೆ ಇಟ್ಟೆ. ಏಪ್ರಿಲ್‌ನಲ್ಲಿ ಒಂದು ದಿನ ಚಕ್ರ ಬಿಚ್ಚಿಕೊಂಡು ಕೂತಿದ್ದೆ. ತಮ್ಮನ ಮಗಳು, ಐದು ವರ್ಷದವಳು, ಬಂದು ಪಕ್ಕದಲ್ಲಿ ನಿಂತಳು. "ದೊಡ್ಡಪ್ಪ, ಇದು ಯಾವ ಜ್ಯೂಸು?" ತಲೆ ಎತ್ತಿ ನೋಡಿದರೆ ಮುಚ್ಚಳ ಆಗಲೇ ಅವಳ ಎಡಗೈಯಲ್ಲಿತ್ತು, ಬಾಟಲಿಯ ಬಾಯಿ ಅವಳ ಮೂಗಿನ ಹತ್ತಿರ. ಕಸಿದುಕೊಂಡ ರಭಸಕ್ಕೆ ಅರ್ಧ ಫ್ಯುಯಲ್ ನನ್ನ ಮೈಮೇಲೆ ಚೆಲ್ಲಿತು. ಮಗು ಹೆದರಿ ಅತ್ತಳು. ಕುಡಿದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಫ್ಯುಯಲ್‌ನಲ್ಲಿ ಜಾಸ್ತಿ ಇರುವುದು ಮೆಥನಾಲ್. ಜೊತೆಗೆ ನೈಟ್ರೋಮೀಥೇನ್ ಮತ್ತು ಆಯಿಲ್. 2008ರ ಮೇನಲ್ಲಿ ಬೆಂಗಳೂರು ಕಡೆ ಮತ್ತು ತಮಿಳುನಾಡು ಗಡಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಜಾಸ್ತಿ ಜನ ಸತ್ತರಲ್ಲ, ಅದು ಇದೇ ಮೆಥನಾಲ್. ಸ್ವಲ್ಪವೇ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವ ಹೋಗಬಹುದು. ಬೆಂಕಿ ಹತ್ತಿಕೊಂಡರೆ ಅದರ ಉರಿ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ದಯವಿಟ್ಟು ಯಾರೂ ಇದನ್ನು ಕುಡಿಯುವ ಬಾಟಲಿಯಲ್ಲಿ ತಗೋಬೇಡಿ, ಹಾಗೆ ಕೊಟ್ಟರೆ ಅಲ್ಲೇ ವಾಪಸ್ ಕೊಡಿ. ಕಂಪನಿಯ ಕ್ಯಾನ್ ಇರಬೇಕು, ಕ್ಯಾನ್ ಬೀಗದೊಳಗೆ ಇರಬೇಕು.

ಇದ್ದ ಫ್ಯುಯಲ್ ಮುಗಿಯುತ್ತಾ ಬಂದಾಗ ಇನ್ನೊಂದು ತಲೆನೋವು. ಮಡಿಕೇರಿಯಲ್ಲಿ ಕೇಳಿದೆ, ಕುಶಾಲನಗರದಲ್ಲಿ ಕೇಳಿದೆ, ಸಿಗಲಿಲ್ಲ. ಬೆಂಕಿ ಹತ್ತುವ ವಸ್ತು ಅಂತ ಕೊರಿಯರ್‌ನವರೂ ಒಪ್ಪಲಿಲ್ಲ. ಆಗ ಕಳೆ ಕೊಚ್ಚುವ ಮಷಿನ್ ರಿಪೇರಿ ಮಾಡುವ ಒಬ್ಬರು, "ಇದೂ ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲ್‌ಗೆ 2ಟಿ ಆಯಿಲ್ ಹಾಕಿ ಓಡಿಸಿ ಸರ್" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹಾಕಿದೆವು, ಅದೂ ತಪ್ಪಾಯಿತು. ನೈಟ್ರೋ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಅದರ ಬದಲು ಕಾದ ತಂತಿಯಿಂದ ಫ್ಯುಯಲ್ ಹೊತ್ತಿಸುವ ಗ್ಲೋ ಪ್ಲಗ್ ಇರುತ್ತದೆ. ಅದರ ಪ್ಲಾಟಿನಂ ತಂತಿ ಕೆಂಪಗೆ ಉಳಿಯುವುದೇ ಮೆಥನಾಲ್‌ನಿಂದ. ಪೆಟ್ರೋಲ್ ಹಾಕಿದರೆ ಓಡುವುದಿಲ್ಲ. ಮಾರನೇ ದಿನ ನೋಡಿದರೆ ಫ್ಯುಯಲ್ ಹೋಗುವ ಸಿಲಿಕೋನ್ ಪೈಪ್ ಊದಿಕೊಂಡು ಮೆತ್ತಗಾಗಿತ್ತು.

ಜೂನ್ ಬಂತು. ಕಾರನ್ನು ಹಾಗೇ ಶೆಲ್ಫ್‌ಗೆ ಸೇರಿಸಿದೆ. ಮೆಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಒಣಗಲು ಹಾಕಿದ ಬಟ್ಟೆಗೇ ಬೂಷ್ಟು ಬರುವ ನಮ್ಮ ಮಳೆಗಾಲದಲ್ಲಿ ಎಂಜಿನ್ ಒಳಗೆ ಉಳಿದ ಹನಿಗಳು ಏನು ಮಾಡುತ್ತವೆ ಹೇಳಿ. ಸೆಪ್ಟೆಂಬರ್‌ನಲ್ಲಿ ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದಾಗ ಬೇರಿಂಗ್ ಪೂರ್ತಿ ಕಂದು ತುಕ್ಕು, ಬೆರಳಿಗೆ ಅಂಟುವಷ್ಟು. ಈಗಾಗಲೇ ನೈಟ್ರೋ ಇರುವವರು ಓಡಿಸಿದ ದಿನವೇ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ತುಕ್ಕು ಹಿಡಿಯದಂತೆ ಹಾಕುವ ಆಫ್ಟರ್ ರನ್ ಆಯಿಲ್ ಕೆಲವು ಹನಿ ಬಿಟ್ಟು ತಿರುಗಿಸಿಡಿ. ನಾಳೆ ಮಾಡೋಣ ಅಂತ ಬಿಡಬೇಡಿ.

ಈಗ ನಮ್ಮಲ್ಲಿರುವುದು ಎಲೆಕ್ಟ್ರಿಕ್. ಬ್ರಶ್‌ಲೆಸ್ ಮೋಟರ್, ಎರಡು ಸೆಲ್‌ನ 7.4 ವೋಲ್ಟ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಸ್ವಿಚ್ ಹಾಕಿದರೆ ಓಡುತ್ತದೆ, ಪಕ್ಕದ ಮನೆಯವರ ನಾಯಿ ಬೊಗಳುವುದಿಲ್ಲ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋದಾಗ 12 ವೋಲ್ಟ್‌ಗೂ ಹಾಕಬಹುದಾದ ಚಾರ್ಜರ್ ಇದ್ದದ್ದರಿಂದ ಜೀಪ್ ಬ್ಯಾಟರಿಯಲ್ಲೇ ಚಾರ್ಜ್ ಮಾಡಿದೆವು. ಹಾಗಂತ ಇದರಲ್ಲಿ ಅಪಾಯ ಇಲ್ಲ ಅಂತ ಅಲ್ಲ. ಲಿಪೋಗೆ ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬಿಸುವ ಬ್ಯಾಲೆನ್ಸ್ ಚಾರ್ಜರ್ ಬೇಕೇ ಬೇಕು. ಸೆಲ್‌ಗೆ 4.2 ವೋಲ್ಟ್ ದಾಟಬಾರದು, ಓಡಿಸುವಾಗ 3ಕ್ಕಿಂತ ಕೆಳಗೆ ಇಳಿಯಬಾರದು. ತಿಂಗಳುಗಟ್ಟಲೆ ಇಡುವುದಾದರೆ 3.8ರ ಹತ್ತಿರ ಇಡಿ. ಊದಿಕೊಂಡ ಬ್ಯಾಟರಿಯನ್ನು ಮತ್ತೆ ಚಾರ್ಜ್‌ಗೆ ಹಾಕಬೇಡಿ. ನಾವು ಚಾರ್ಜ್ ಮಾಡುವುದು ಜಗಲಿಯ ಸಿಮೆಂಟ್ ನೆಲದ ಮೇಲೆ, ಒಬ್ಬರು ಪಕ್ಕದಲ್ಲಿ ಕೂತುಕೊಂಡು. ಹೆಚ್ಚಾಗಿ ಅಕ್ಕನ ಮಗನೇ ಕೂರುತ್ತಾನೆ. ಚಿಕ್ಕವಳನ್ನು ಹತ್ತಿರ ಬಿಡುವುದಿಲ್ಲ.