ಬೀಡು ಕಬ್ಬಿಣದ ದೋಸೆ ಕಾವಲಿ: ಮೂರು ತಿಂಗಳು ಬಳಸಿದ ಮೇಲೆ

ನಾನ್‌ಸ್ಟಿಕ್ ತವಾದ ಕೋಟಿಂಗ್ ಎದ್ದು ಬರೋಕೆ ಶುರುವಾಯ್ತು ಅಂತ ಪಾತ್ರೆ ಅಂಗಡಿಯಿಂದ 11 ಇಂಚಿನ ಬೀಡು ಕಬ್ಬಿಣದ ಕಾವಲಿ ತಂದೆ. 900 ರೂಪಾಯಿ. ಒಂದೇ ಕೈಯಲ್ಲಿ ಎತ್ತೋದು ಕಷ್ಟ, ಅಷ್ಟು ಭಾರ. "ಪಳಗಿಸಿದ್ದೇ ಮೇಡಂ, ಇವತ್ತೇ ದೋಸೆ ಹುಯ್ಯಿರಿ" ಅಂದಿದ್ದರು.

ಸುಳ್ಳು. ಮೊದಲ ದೋಸೆ ಏಳಲಿಲ್ಲ, ಎರಡನೆಯದೂ ಏಳಲಿಲ್ಲ. ಎಲ್ಲರ ಮನೆ ದೋಸೆನೂ ತೂತು ಅಂತಾರೆ, ನಮ್ಮನೇಲಿ ದೋಸೆನೇ ಇಲ್ಲ, ಬರೀ ಚೂರು. ಆ ಚೂರಿಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ ತಟ್ಟೆಗೆ ಬಡಿಸಿದೆ. ಮಗಳು ದೋಸೆಗಿಂತ ಇದೇ ಚೆನ್ನಾಗಿದೆ ಅಂದಳು!

ವಾಪಸ್ ಕೊಡೋಣ ಅಂತಲೇ ಇದ್ದೆ. ಒಂದು ದಿನ ಬಸ್ ಕಾಯುತ್ತಾ ದೋಸೆ ಗಾಡಿಯವರನ್ನು ನೋಡುತ್ತಿದ್ದೆ. ಅವರ ಮೊದಲ ದೋಸೆಯೂ ಕಿತ್ತು ಬಂತು. ಮುಖದಲ್ಲಿ ಒಂಚೂರೂ ಬೇಜಾರಿಲ್ಲ, ಕೆರೆದು ಪಕ್ಕಕ್ಕೆ ಹಾಕಿದರು, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿದರು. ನೀರು ಚಿಮುಕಿಸಿ ಚುಂಯ್ ಅನ್ನೋ ಸದ್ದು ಕೇಳಿ, ಪೊರಕೆಯಲ್ಲಿ ಗುಡಿಸಿ, ಆಮೇಲೆ ಹಿಟ್ಟು ಹುಯ್ದರು. ನನ್ನ ತಪ್ಪು ಅಲ್ಲೇ ಗೊತ್ತಾಯ್ತು. ನಾನು ಕಾವಲಿಯಿಂದ ಹೊಗೆ ಬರುವ ತನಕ ಕಾಯಿಸುತ್ತಿದ್ದೆ, ಅಷ್ಟು ಕಾದರೆ ಹಿಟ್ಟು ಹರಡುವ ಮೊದಲೇ ಕಚ್ಚಿಕೊಂಡು ಸೌಟಿನ ಜೊತೆ ಎದ್ದು ಬರುತ್ತದೆ.

ಆಮೇಲೆ ಸರಿಯಾಗಿ ಪಳಗಿಸಿದೆ. ತೊಳೆದು, ಒಲೆ ಮೇಲಿಟ್ಟು ಒಣಗಿಸಿ, ಎಣ್ಣೆ ಸವರಿ, ಸವರಿದ್ದನ್ನೂ ಬಟ್ಟೆಯಲ್ಲಿ ಒರೆಸಿ ಕಾಯಿಸಬೇಕು. ಎಣ್ಣೆ ಜಾಸ್ತಿಯಾದರೆ ಅಂಟಂಟು, ತೆಳ್ಳಗಿದ್ದರೆ ಕಾದು ಗಟ್ಟಿ ಪದರವಾಗುತ್ತದೆ. ವಾರವಿಡೀ ದಿನಾ ರಾತ್ರಿ ಇದೇ ಕೆಲಸ. ಎಂಟನೇ ದಿನ ದೋಸೆ ತಾನಾಗಿ ಅಂಚು ಬಿಟ್ಟುಕೊಂಡು ಎದ್ದಿತು. ಒಲೆ ಮುಂದೆ ಒಬ್ಬಳೇ ನಕ್ಕೆ.

ಖುಷಿಯಲ್ಲಿ ಅದರ ಮೇಲೆ ಟೊಮೆಟೊ ಆಮ್ಲೆಟ್ ಮಾಡಿದೆ ನೋಡಿ, ಹುಳಿಗೆ ಅಲ್ಲಲ್ಲಿ ಕಪ್ಪು ಪದರ ಹೋಗಿ ಬೂದು ಕಬ್ಬಿಣ ಕಾಣಿಸಿತು. ಮತ್ತೆ ಎಣ್ಣೆ, ಮತ್ತೆ ಬಟ್ಟೆ. ಈ ಸಲ ಎರಡೇ ರಾತ್ರಿ ಸಾಕಾಯ್ತು. ಚಪಾತಿಗೆ ಬೇರೆ ಹೆಂಚು ಇಟ್ಟುಕೊಂಡಿದ್ದೇನೆ.

ಹಿಟ್ಟಿನ ವಿಷಯದಲ್ಲೂ ಹಟ ಬಿಟ್ಟೆ. ಅಳತೆ ಅದೇ, ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ. ಆದರೆ ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಹೊತ್ತಿಗೆ ಉಕ್ಕುವುದಿಲ್ಲ, ಆಗ ಉಪ್ಪಿಟ್ಟು ಮಾಡಿ ದೋಸೆಯನ್ನು ರಾತ್ರಿಗೆ ಇಟ್ಟುಕೊಳ್ಳುತ್ತೇನೆ. ಬೇಸಿಗೆಯಲ್ಲಿ ಹುಳಿ ಬಂದರೆ ಈರುಳ್ಳಿ ಹೆಚ್ಚಿ ಹಾಕಿ ಪಡ್ಡು.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಡಿಮೆ ಮಾಡಿದ್ದು ಅಂಗಡಿಯವರ ಸುಳ್ಳಿಗೆ. ದಿಢೀರ್ ದೋಸೆ ಬೇಕು ಅನ್ನುವವರು ತಗೋಬೇಡಿ. ತಗೊಂಡರೆ ಹಿಡಿಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಅದೂ ಕಬ್ಬಿಣವೇ, ನನ್ನ ಹೆಬ್ಬೆರಳಿನ ಕಲೆ ಇನ್ನೂ ಹೋಗಿಲ್ಲ.